ಅಂಗಳದ ಮಳೆ ಎಲ್ಲಿಗೆ ಹೋಯಿತು?

ಮೂರನೆಯ ತರಗತಿಯ ಮಗುವೊಂದನ್ನು ಹತ್ತಿರ ಕರೆದು, ‘ಪರಿಸರ ಎಂದರೇನು?’ ಎಂದು ಕೇಳಿ ನೋಡಿ. ‘ನಮ್ಮ ಸುತ್ತಮುತ್ತಲಿನ ಗಾಳಿ, ನೀರು, ಮಣ್ಣು, ಗಿಡಮರ, ಪ್ರಾಣಿಪಕ್ಷಿಗಳೆಲ್ಲವೂ ಸೇರಿ ಪರಿಸರ’ ಎಂದು ಅದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ. ಉತ್ತರ ಸರಿಯಾದದ್ದೇ, ಪೂರ್ಣ ಅಂಕ ಕೊಡತಕ್ಕದ್ದೇ. ಅದೇ ಮಗುವನ್ನು ಶಾಲೆಯ ಬಾಗಿಲಿನಲ್ಲಿ ನಿಲ್ಲಿಸಿ, ‘ನಿನ್ನೆ ಸಂಜೆ ಈ ಅಂಗಳದಲ್ಲಿ ಸುರಿದ ಮಳೆ ಎಲ್ಲಿಗೆ ಹೋಯಿತು?’ ಎಂದು ಕೇಳಿ. ಮಗು ಸುಮ್ಮನೆ ನಿಮ್ಮ ಮುಖ ನೋಡುತ್ತದೆ. ಮಗುವಿನ ಮಾತೇಕೆ? ಪಕ್ಕದಲ್ಲಿ ನಿಂತಿರುವ ಉಪಾಧ್ಯಾಯರೂ, ಮಗುವನ್ನು ಕರೆದೊಯ್ಯಲು ಬಂದ ತಂದೆತಾಯಿಯರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡಾರು.

ಈ ಎರಡು ಪ್ರಶ್ನೆಗಳ ನಡುವಣ ಅಂತರವೇ ಇಂದಿನ ಪರಿಸರ ಶಿಕ್ಷಣದ ಕೊರತೆ. ಮೊದಲನೆಯದಕ್ಕೆ ಉತ್ತರ ಪುಸ್ತಕದಲ್ಲಿದೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಮಗು ಎದ್ದು ಹೊರಗೆ ಹೋಗಬೇಕು, ಬಗ್ಗಿ ನೋಡಬೇಕು, ಕೈ ಕೆಸರು ಮಾಡಿಕೊಳ್ಳಬೇಕು.

ಬೆಂಗಳೂರಿನ ಪೂರ್ವ ಭಾಗದಲ್ಲಿರುವ ವಿಮಾನಪುರದಂಥ ಊರಿನಲ್ಲಿ ಈ ಎರಡನೆಯ ಪ್ರಶ್ನೆ ಬರಿಯ ಕುತೂಹಲದ ಪ್ರಶ್ನೆಯಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ ಇಲ್ಲಿ ವಿಮಾನ ಕಾರ್ಖಾನೆ ಹುಟ್ಟಿತು. ಕಾರ್ಖಾನೆಯ ಹಿಂದೆಯೇ ಮನೆಗಳು ಬಂದುವು, ಶಾಲೆಗಳು ಬಂದುವು, ಸಾಲುಮರಗಳು ಬೆಳೆದುವು. ಪ್ರಯಾಣಿಕರ ವಿಮಾನಗಳು 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಗೆ ಹೊರಟುಹೋದುವು. ಊರಿನ ಹೆಸರು ಮಾತ್ರ ಹಾಗೆಯೇ ಉಳಿದಿದೆ. ಇಲ್ಲಿಯ ಹುಡುಗರಿಗೆ ಆಕಾಶವನ್ನು ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಸದ್ದು ಕೇಳಿದೊಡನೆ ಕತ್ತೆತ್ತಿ, ಬಂದದ್ದು ಹೆಲಿಕಾಪ್ಟರೋ ಯುದ್ಧವಿಮಾನವೋ ಎಂದು ಹೇಳಬಲ್ಲರು. ಕಾಲಕೆಳಗಿನ ನೆಲವನ್ನು ನೋಡುವುದನ್ನು ಮಾತ್ರ ಕಲಿಸಬೇಕಾಗಿದೆ.

ಏಕೆಂದರೆ ಆ ನೆಲ ಇಳಿಜಾರಾಗಿದೆ. ಊರಿನ ದಕ್ಷಿಣದ ಕಡೆ ಬಿದ್ದ ಮಳೆ ಚಳ್ಳಘಟ್ಟದ ಕಣಿವೆಯನ್ನು ಸೇರಿ ಬೆಳ್ಳಂದೂರು ಕೆರೆಗೆ ಇಳಿಯುತ್ತದೆ. ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಕಡೆಗೆ ತಮಿಳುನಾಡನ್ನು ಹಾದು ಕಡಲೂರಿನ ಬಳಿ ಸಮುದ್ರಕ್ಕೆ ಅದರ ಪಯಣ. ನಡುವೆ ಸಿಗುವ ಬೆಳ್ಳಂದೂರು ಕೆರೆಯ ಕಥೆಯನ್ನು ಜಗತ್ತೆಲ್ಲ ಕೇಳಿದೆ. ಬೆಂಗಳೂರಿನ ಕೆರೆಗಳಲ್ಲೆಲ್ಲ ದೊಡ್ಡದಾದ ಆ ಕೆರೆಯ ನೊರೆಗೆ 2015ರ ಮೇ ತಿಂಗಳಿನಲ್ಲಿ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರವರಿಯಲ್ಲಿ ಮತ್ತೆ ಕೆರೆಯಲ್ಲಿ ಹೊಗೆಯೆದ್ದಿತು. 2018ರ ಜನವರಿಯಲ್ಲಿ ಇನ್ನೊಮ್ಮೆ ಹೊತ್ತಿಕೊಂಡಾಗ ಆರಿಸಲು ಸೈನಿಕರೇ ಬರಬೇಕಾಯಿತು. ನೀರು ಬೆಂಕಿಯನ್ನು ಆರಿಸುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವ ನಾವು, ನೀರೇ ಹೊತ್ತಿಕೊಂಡುದನ್ನು ಅವರಿಗೆ ಹೇಗೆ ವಿವರಿಸೋಣ?

ಅದು ಹಾಗಿರಲಿ. 2022ರ ಸೆಪ್ಟೆಂಬರಿನ ಮೊದಲ ವಾರದಲ್ಲಿ ಒಂದೇ ದಿನ 130 ಮಿಲಿಮೀಟರಿನಷ್ಟು ಮಳೆ ಸುರಿದು, ನಗರದ ಪೂರ್ವದ ಬಡಾವಣೆಗಳಲ್ಲಿ ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಎರಡು ವರ್ಷ ತುಂಬುವ ಮೊದಲೇ, 2024ರ ಬೇಸಿಗೆಯಲ್ಲಿ, ಅದೇ ಬಡಾವಣೆಗಳ ಕೊಳವೆಬಾವಿಗಳು ಬತ್ತಿ, ಜನರು ನೀರಿನ ಲಾರಿಗಾಗಿ ದಾರಿ ಕಾದರು. ಮಳೆ ಬಂದರೆ ಮುಳುಗು, ಬಾರದಿದ್ದರೆ ಬಾಯಾರಿಕೆ. ಇವೆರಡನ್ನೂ ಒಂದೇ ಬಾಲ್ಯದಲ್ಲಿ ಕಂಡ ಮಕ್ಕಳು ಈಗ ನಮ್ಮ ಶಾಲೆಗಳಲ್ಲಿದ್ದಾರೆ. ಅಂಗಳದ ಮಳೆ ಎಲ್ಲಿಗೆ ಹೋಗುತ್ತದೆಂಬುದನ್ನು ಇವರು ತಿಳಿಯದೆ ಇನ್ನಾರು ತಿಳಿದಾರು?

ಕಾನೂನಿನ ಕೊರತೆಯಿಲ್ಲ

ಪರಿಸರ ಶಿಕ್ಷಣಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಬೆಂಬಲ ಸಾಕಷ್ಟಿದೆ. ವಕೀಲ ಎಂ. ಸಿ. ಮೆಹತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು, ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ವಿಧಿಸಿತು. ಅದು ಸರಿಯಾಗಿ ನಡೆಯಲಿಲ್ಲವೆಂದು ಮತ್ತೆ ದೂರು ಹೋದಾಗ, 2003ರ ಡಿಸೆಂಬರಿನಲ್ಲಿ ಎಲ್ಲ ತರಗತಿಗಳಿಗೂ ಪಠ್ಯಕ್ರಮ ಸಿದ್ಧವಾಗಬೇಕೆಂದು ಆಜ್ಞೆ ಮಾಡಿತು. ಪಠ್ಯಕ್ರಮ ಬಂದಿತು, ಪುಸ್ತಕವೂ ಬಂದಿತು. ಆದರೆ ಪುಸ್ತಕ ಬಂದೊಡನೆ ಪರೀಕ್ಷೆಯೂ ಬರುತ್ತದೆ. ಪರೀಕ್ಷೆ ಬಂದೊಡನೆ ಬಾಯಿಪಾಠ. ನ್ಯಾಯಾಲಯ ಕಲಿಸಿರೆಂದು ಹೇಳಬಹುದಲ್ಲದೆ, ಮಗುವಿನ ಕೈಹಿಡಿದು ಅಂಗಳಕ್ಕೆ ಕರೆದೊಯ್ಯಲಾರದು. ಆ ಕೆಲಸ ಉಪಾಧ್ಯಾಯರದು.

ಕೈಯಿಂದ ಕಲಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದೂ ಅಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣವನ್ನು ಆಟ, ಕುಣಿತ, ಕೈಕೆಲಸ, ಸುತ್ತಾಟಗಳೊಂದಿಗೆ ಬೆಸೆಯಲು ಹೆಣಗಿದರು. 1995ರಲ್ಲಿ ಎಚ್. ಡಿ. ಕೋಟೆ ತಾಲ್ಲೂಕಿನ ಉಪಾಧ್ಯಾಯರು ಆರಂಭಿಸಿದ ‘ನಲಿ-ಕಲಿ’ ಪದ್ಧತಿಯು ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಹೀಗಿರುವಲ್ಲಿ, ಮಳೆಯನ್ನೇ ಪಾಠವಾಗಿ ಮಾಡಿಕೊಂಡು ಆರರಿಂದ ಹತ್ತು ವರ್ಷದ ಮಕ್ಕಳೊಡನೆ ಮಾಡಬಹುದಾದ ಕೆಲವು ಪ್ರಯೋಗಗಳನ್ನು ಇಲ್ಲಿ ಹೇಳಬಯಸುತ್ತೇನೆ. ಇವುಗಳಿಗೆ ಪ್ರಯೋಗಶಾಲೆ ಬೇಡ, ಹಣವೂ ಬೇಡ.

ಸೀಸೆಯ ಮಳೆಮಾಪಕ

ಮೊದಲನೆಯದು ಮಳೆಯನ್ನು ಅಳೆಯುವುದು. ನೇರವಾದ ಮೈಯುಳ್ಳ, ಎರಡು ಲೀಟರಿನ ಪ್ಲಾಸ್ಟಿಕ್ ಸೀಸೆಯೊಂದನ್ನು ತೆಗೆದುಕೊಳ್ಳಿ. ಅದರ ಮೇಲಿನ ಭಾಗವನ್ನು ಉಪಾಧ್ಯಾಯರೇ ಕತ್ತರಿಸಿ, ತಲೆಕೆಳಗು ಮಾಡಿ, ಲಾಳಿಕೆಯಂತೆ ಕೆಳಭಾಗದ ಮೇಲೆ ಕೂರಿಸಬೇಕು. ಸೀಸೆಯ ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿ ಒಂದು ಹಿಡಿ ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ತುಂಬಿ, ಆ ನೀರಿನ ಮಟ್ಟವನ್ನೇ ‘ಸೊನ್ನೆ’ ಎಂದು ಗುರುತಿಸಬೇಕು. ಅಲ್ಲಿಂದ ಮೇಲಕ್ಕೆ ಮಿಲಿಮೀಟರಿನ ಗೆರೆಗಳುಳ್ಳ ಕಾಗದದ ಪಟ್ಟಿಯನ್ನು ಅಂಟಿಸಿದರೆ ಮಾಪಕ ಸಿದ್ಧ. ಗೋಡೆಗೂ ಮರಕ್ಕೂ ದೂರವಾಗಿ, ಅವುಗಳ ಎತ್ತರದ ಎರಡರಷ್ಟಾದರೂ ಅಂತರದಲ್ಲಿ, ಗಾಳಿಗೆ ಉರುಳದಂತೆ ನಾಲ್ಕು ಇಟ್ಟಿಗೆಗಳ ನಡುವೆ ಇದನ್ನು ನಿಲ್ಲಿಸಬೇಕು.

ವಿಮಾನಪುರದ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ಅನುಕೂಲವುಂಟು. ಹಳೆಯ ವಿಮಾನ ನಿಲ್ದಾಣದಲ್ಲಿ ಭಾರತ ಹವಾಮಾನ ಇಲಾಖೆಯ ವೀಕ್ಷಣಾಲಯವಿದೆ. ಅಲ್ಲಿಯ ಮಳೆಯ ಲೆಕ್ಕ ಪ್ರತ್ಯೇಕವಾಗಿ ಪ್ರಕಟವಾಗುತ್ತದೆ. ಇಲಾಖೆಯವರ ದಿನದ ಲೆಕ್ಕ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ಮಕ್ಕಳೂ ಅದೇ ಹೊತ್ತಿಗೆ, ಸರದಿಯ ಪ್ರಕಾರ, ಸೀಸೆಯನ್ನು ನೋಡಿ ಅಂಕಿಯನ್ನು ದಿನಚರಿಯಲ್ಲಿ ಬರೆಯಲಿ. ಬರೆದಾದ ಮೇಲೆ ನೀರನ್ನು ಸೊನ್ನೆಯ ಗುರುತಿಗೆ ತರಬೇಕು. ಸೀಸೆಯ ನೀರನ್ನು ವಾರಗಟ್ಟಲೆ ಹಾಗೆಯೇ ಬಿಡಕೂಡದು. ನಿಂತ ತಿಳಿನೀರಿನಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಇದೂ ಒಂದು ಪಾಠವೇ.

ಲೆಕ್ಕವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಳಿಗೆ 100 ಚದರ ಮೀಟರಿನದಾಗಿದ್ದು, ರಾತ್ರಿ 20 ಮಿಲಿಮೀಟರ್ ಮಳೆಯಾಗಿದ್ದರೆ, ಮಾಳಿಗೆಯ ಮೇಲೆ ಬಿದ್ದದ್ದು 2,000 ಲೀಟರ್. ಹತ್ತು ಲೀಟರಿನ ಕೊಡದಲ್ಲಿ ಅಳೆದರೆ 200 ಕೊಡ. ಮನೆಗೆ ಎರಡು ಕೊಡ ನೀರು ತರಲು ತಾಯಿ ಪಡುವ ಪಾಡನ್ನು ಕಂಡ ಮಗುವಿಗೆ ಈ ಇನ್ನೂರರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ನಲ್ಲಿಗಳಿಗೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ಮಾಳಿಗೆಯ ಮೇಲೆ ತಾನಾಗಿಯೇ ಬಂದ ನೀರು ಚರಂಡಿಗೆ ಹೋಗುತ್ತದೆ. ಇದನ್ನು ಉಪಾಧ್ಯಾಯರು ಹೇಳಿದರೆ ಉಪದೇಶ. ಮಗುವೇ ಲೆಕ್ಕ ಹಾಕಿ ಕಂಡುಕೊಂಡರೆ ಜ್ಞಾನ.

ಮಣ್ಣು ಮತ್ತು ನೊರೆ

ಎರಡನೆಯದು ಮಣ್ಣಿನ ಪ್ರಯೋಗ. ಅಗಲವಾದ ಎರಡು ಹಳೆಯ ತಟ್ಟೆಗಳಲ್ಲಿ ನಮ್ಮ ಕೆಮ್ಮಣ್ಣನ್ನು ತುಂಬಿ. ಒಂದರಲ್ಲಿ ಬರಿಯ ಮಣ್ಣಿರಲಿ. ಇನ್ನೊಂದರಲ್ಲಿ ಬೇರುಸಹಿತ ಕಿತ್ತು ತಂದ ಗರಿಕೆಯನ್ನು ಒತ್ತೊತ್ತಾಗಿ ನೆಟ್ಟು, ಒಂದೆರಡು ವಾರ ನೀರೆರೆದು ಬೇರೂರಲು ಬಿಡಿ. ಆಮೇಲೆ ಎರಡನ್ನೂ ಸ್ವಲ್ಪ ಓರೆಯಾಗಿಟ್ಟು, ತೂತು ಮಾಡಿದ ಡಬ್ಬಿಯಿಂದ ಒಂದೇ ಪ್ರಮಾಣದ ನೀರನ್ನು ಮಳೆಯಂತೆ ಸುರಿಸಿ, ಹರಿದು ಬಂದುದನ್ನು ಎರಡು ಗಾಜಿನ ಲೋಟಗಳಲ್ಲಿ ಹಿಡಿಯಿರಿ. ಬರಿಯ ಮಣ್ಣಿನಿಂದ ಬಂದದ್ದು ರಾಡಿನೀರು. ಗರಿಕೆಯ ತಟ್ಟೆಯದು ಹೆಚ್ಚುಕಡಿಮೆ ತಿಳಿ, ಪ್ರಮಾಣದಲ್ಲಿಯೂ ಕಡಿಮೆ. ರಾಡಿಯ ಲೋಟವನ್ನು ಕಿಟಕಿಯ ಬಳಿ ಬಿಟ್ಟರೆ ಮರಳು ಕ್ಷಣದಲ್ಲಿ ತಳ ಸೇರುತ್ತದೆ, ಜೇಡಿ ಮರುದಿನವೂ ತೇಲುತ್ತಿರುತ್ತದೆ. ಕೆರೆಯಲ್ಲಿ ಹೂಳು ಎಲ್ಲಿಂದ ಬರುತ್ತದೆ, ಕೆರೆಯ ಮೇಲಣ ನೆಲದಲ್ಲಿ ಹುಲ್ಲೂ ಮರವೂ ಏಕೆ ಇರಬೇಕು ಎಂಬ ಎರಡು ದೊಡ್ಡ ಪಾಠಗಳು ಆ ಲೋಟದಲ್ಲಿವೆ.

ಮೂರನೆಯದು ನೊರೆಯ ಲೆಕ್ಕ. ಒಂದು ಲೋಟ ನೀರಿಗೆ ಬಟ್ಟೆ ಒಗೆಯುವ ಪುಡಿಯನ್ನು ಒಂದೇ ಒಂದು ಚಿಟಿಕೆ ಹಾಕಿ, ಮುಚ್ಚಳವಿರುವ ಸೀಸೆಯಲ್ಲಿ ಚೆನ್ನಾಗಿ ಕುಲುಕಿ. ನೊರೆ ಏಳುತ್ತದೆ. ಅದರಿಂದ ಅರ್ಧ ಲೋಟವನ್ನು ಬೇರೊಂದು ಸೀಸೆಗೆ ತೆಗೆದು, ಅರ್ಧ ಲೋಟ ಹೊಸ ನೀರು ಬೆರೆಸಿ ಮತ್ತೆ ಕುಲುಕಿ. ಹೀಗೆಯೇ ಮುಂದುವರಿಸುತ್ತ, ನೊರೆ ಏಳದಿರಲು ಎಷ್ಟು ಸಲ ನೀರು ಬೆರೆಸಬೇಕಾಯಿತೆಂದು ಎಣಿಸಲಿ. ಒಂದು ಚಿಟಿಕೆಗೆ ಇಷ್ಟಾದರೆ, ಒಂದು ಮನೆಯ ಒಂದು ದಿನದ ಒಗೆತಕ್ಕೆ ಎಷ್ಟು? ಬೆಳ್ಳಂದೂರಿನ ನೊರೆಯ ಮುಖ್ಯ ಕಾರಣಗಳಲ್ಲಿ ಒಂದು, ಸಂಸ್ಕರಣೆಯಾಗದ ಕೊಳಚೆಯೊಂದಿಗೆ ಹರಿದುಬಂದ ಇಂಥ ಮಾರ್ಜಕಗಳು. ಕೆರೆಯನ್ನು ಕೆಡಿಸಿದವರು ಎಲ್ಲೋ ದೂರದಲ್ಲಿರುವ ದುಷ್ಟರು ಎಂದುಕೊಂಡಿದ್ದ ಮಗುವಿಗೆ, ತನ್ನ ಮನೆಯ ಬಚ್ಚಲಿಗೂ ಆ ಕೆರೆಗೂ ನಂಟುಂಟೆಂದು ಹೊಳೆಯುತ್ತದೆ. ಪ್ರಯೋಗ ಮುಗಿದ ಮೇಲೆ ಎಲ್ಲರೂ ಕೈ ತೊಳೆದುಕೊಳ್ಳಬೇಕೆಂಬುದನ್ನು ಮರೆಯಬಾರದು.

ಮಳೆಮರದ ಪರೀಕ್ಷೆ

ಬೆಂಗಳೂರಿನ ರಸ್ತೆಗಳಲ್ಲಿ ಛತ್ರಿಯಂತೆ ಹರಡಿ ನಿಂತ ಮಳೆಮರವನ್ನು ಬಲ್ಲದವರಿಲ್ಲ. ದೂರದ ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ನಮ್ಮದೇ ಆಗಿಹೋದ ಮರವಿದು. ಸಂಜೆಯಾಗುತ್ತಲೇ ಇದರ ಎಲೆಗಳು ಮಡಿಚಿಕೊಳ್ಳುತ್ತವೆ. ಮೋಡ ಕವಿದಾಗಲೂ ಮಡಿಚುತ್ತವೆ ಎನ್ನುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಮಕ್ಕಳೇ ಪರೀಕ್ಷಿಸಲಿ. ಬಿಸಿಲಿದ್ದ ದಿನ ಮಧ್ಯಾಹ್ನ ಮೂರು ಗಂಟೆಗೆ ಎಲೆ ಹೇಗಿತ್ತು, ಮೋಡವಿದ್ದ ದಿನ ಅದೇ ಹೊತ್ತಿಗೆ ಹೇಗಿತ್ತು, ಆ ದಿನ ಮಳೆ ಬಂದಿತೆ, ಇಲ್ಲವೆ ಎಂದು ಒಂದು ತಿಂಗಳು ಬರೆದಿಟ್ಟರೆ, ಊರಿನ ಮಾತಿಗೆ ಮಕ್ಕಳದೇ ತೀರ್ಪು ಸಿದ್ಧವಾಗುತ್ತದೆ. ಅದರೊಂದಿಗೆ ಇನ್ನೊಂದು ಸೀಸೆಯನ್ನು ಆ ಮರದ ಕೆಳಗೂ ಇಟ್ಟು, ಬಯಲಿನ ಸೀಸೆಯೊಡನೆ ಹೋಲಿಸಬಹುದು. ಸಣ್ಣ ಮಳೆಯಲ್ಲಿ ಮರದಡಿಯ ಸೀಸೆಗೆ ಬೀಳುವ ನೀರು ಕಡಿಮೆ. ಉಳಿದದ್ದು ಎಲ್ಲಿ ಹೋಯಿತು? ಎಲೆಯ ಮೇಲೆ, ಕೊಂಬೆಯ ಮೇಲೆ, ತೊಗಟೆಯ ಬಿರುಕುಗಳಲ್ಲಿ. ಮರವೂ ಒಂದು ಪುಟ್ಟ ಕೆರೆಯೇ ಎಂದು ಮಗು ತಾನಾಗಿ ಹೇಳುವ ದಿನ ಉಪಾಧ್ಯಾಯರ ಪಾಲಿಗೆ ಹಬ್ಬ.

ನೀರಿನ ಜಾಡು ಹಿಡಿದು

ಕಡೆಯದು ನಮ್ಮ ಮೊದಲ ಪ್ರಶ್ನೆಗೆ ಉತ್ತರ ಕೊಡುವ ಪ್ರಯೋಗ. ಮಳೆಗೆ ಮೊದಲು ಮಕ್ಕಳು ಶಾಲೆಯ ಅಂಗಳದ ನಕ್ಷೆಯನ್ನು ಬರೆದು, ನೀರು ಯಾವ ಕಡೆ ಹರಿಯಬಹುದೆಂದು ಊಹಿಸಿ ಬಾಣದ ಗುರುತು ಹಾಕಲಿ. ಮಳೆ ನಿಂತ ಮೇಲೆ ಹೊರಗೆ ಬಂದು, ಹರಿಯುವ ನೀರಿಗೆ ಒಂದೊಂದು ಎಲೆ ಬಿಟ್ಟು, ಅದು ಹೋಗುವ ದಾರಿಯನ್ನು ಬೇರೆ ಬಣ್ಣದಲ್ಲಿ ಗುರುತಿಸಲಿ. ಊಹೆ ಎಲ್ಲಿ ತಪ್ಪಿತೆಂದು ನೋಡುವುದರಲ್ಲಿಯೇ ಸ್ವಾರಸ್ಯವಿದೆ. ಎಲೆ ಮೋರಿಗೆ ಬಿದ್ದಲ್ಲಿ ಮಕ್ಕಳ ಓಟ ನಿಲ್ಲಬೇಕು. ಮಳೆಗಾಲದ ರಾಜಕಾಲುವೆಯ ಹತ್ತಿರ ಮಕ್ಕಳನ್ನು ಎಂದಿಗೂ ಒಯ್ಯಕೂಡದು. ಮುಂದಿನ ದಾರಿಯನ್ನು ಒಣಹವೆಯ ದಿನ, ಹಿರಿಯರು ಜೊತೆಗಿದ್ದು, ಭದ್ರವಾದ ಕಟ್ಟೆಯಿರುವ ಕೆರೆಯ ಏರಿಯ ಮೇಲಿಂದ ತೋರಿಸಬೇಕು.

ಆ ಏರಿಯ ಮೇಲೆ ನಿಂತಾಗ ಮರೆತುಹೋದ ಮಾತುಗಳಿಗೆ ಮತ್ತೆ ಜೀವ ಬರುತ್ತದೆ: ಏರಿ, ತೂಬು, ಕೋಡಿ, ಕಾಲುವೆ, ನೀರುಗಂಟಿ. ದೊಡ್ಡ ನದಿಯಿಲ್ಲದ ಈ ದಿಣ್ಣೆಯ ಊರಿನಲ್ಲಿ ನಮ್ಮ ಹಿರಿಯರು ಒಂದು ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವಂತೆ ಸರಪಣಿಯಾಗಿ ಕೆರೆ ಕಟ್ಟಿದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ತರಗತಿಯಲ್ಲಿ ವಾರಕ್ಕೊಬ್ಬ ಮಗುವನ್ನು ‘ನೀರುಗಂಟಿ’ಯಾಗಿ ನೇಮಿಸಿ, ನಲ್ಲಿ ಸೋರದಂತೆ, ಕುಡಿದುಳಿದ ನೀರು ಗಿಡಕ್ಕೆ ಹೋಗುವಂತೆ ನೋಡಿಕೊಳ್ಳುವ ಅಧಿಕಾರ ಕೊಟ್ಟರೆ, ಪದವೂ ಉಳಿಯಿತು, ನೀರೂ ಉಳಿಯಿತು.

ಕಾರ್ಖಾನೆಯ ಕೆಲಸವನ್ನರಸಿ ದೇಶದ ಮೂಲೆಮೂಲೆಗಳಿಂದ ಜನ ಬಂದು ನೆಲೆಸಿದ ಊರು ವಿಮಾನಪುರ. ಆದುದರಿಂದ ಮಳೆಯ ಮಾತನ್ನು ಮನೆಮನೆಯಿಂದ ಸಂಗ್ರಹಿಸಿ ತರಲು ಹೇಳಬಹುದು. ಒಬ್ಬನ ಮನೆಯ ‘ಮಳೆ’ ಇನ್ನೊಬ್ಬಳ ಮನೆಯಲ್ಲಿ ‘ಮಳೈ’, ಮತ್ತೊಬ್ಬನ ಮನೆಯಲ್ಲಿ ‘ವಾನ’, ಮಗುದೊಬ್ಬಳ ಮನೆಯಲ್ಲಿ ‘ಬಾರಿಶ್’. ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಗಳನ್ನು ಹೆಸರಿಟ್ಟು ಕರೆಯಬಲ್ಲ ಅಜ್ಜಿಯೊಬ್ಬರು ಸಿಕ್ಕರಂತೂ ಅವರನ್ನು ಶಾಲೆಗೇ ಬರಮಾಡಿಕೊಳ್ಳಬೇಕು.

ಕೆರೆಯ ಮಗ್ಗುಲ ಶಾಲೆ

ಇದೆಲ್ಲ ಹೇಳಲು ಚೆಂದ, ಕೆರೆಗಳೇ ಕೆಟ್ಟುಹೋಗಿರುವಾಗ ಮಕ್ಕಳಿಗೆ ತೋರಿಸುವುದೇನನ್ನು ಎಂದು ಕೆಲವರು ಕೇಳಬಹುದು. ಅವರು ಒಮ್ಮೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಗೆ ಹೋಗಿ ಬರಬೇಕು. ಸುಮಾರು 48 ಎಕರೆಯ ಅಲ್ಲಿಯ ಕೆರೆಯೂ ಕೊಳಚೆಯಿಂದ ಕೆಟ್ಟು ಬತ್ತಿಹೋಗಿತ್ತು. 2009ರ ಸುಮಾರಿನಲ್ಲಿ ಊರಿನವರು, ಹೊಸದಾಗಿ ಬಂದು ನೆಲೆಸಿದವರು, ಪರಿಸರ ತಜ್ಞರು ಮತ್ತು ನಗರಪಾಲಿಕೆಯ ಅಧಿಕಾರಿಗಳು ಒಂದಾಗಿ ಕುಳಿತು ಯೋಜನೆ ಹಾಕಿದರು. ಕೆರೆಗೆ ಮತ್ತೆ ಜೀವ ಬಂದಿತು, ಹಕ್ಕಿಗಳು ಮರಳಿದುವು. ಆ ಕೆರೆಗೆ ತಾಗಿಕೊಂಡೇ ಒಂದು ಸರ್ಕಾರಿ ಶಾಲೆಯಿದೆ. ಅಲ್ಲಿಯ ಮಕ್ಕಳಿಗೆ ಕೆರೆ ಎಂದರೆ ಪುಸ್ತಕದ ಚಿತ್ರವಲ್ಲ, ಪಕ್ಕದ ಮನೆ. ಎಲ್ಲ ಶಾಲೆಗಳಿಗೂ ಇಂಥ ಭಾಗ್ಯವಿಲ್ಲ, ನಿಜ. ಆದರೆ ಕೆಟ್ಟದ್ದನ್ನು ಸರಿಪಡಿಸಬಹುದೆಂಬುದಕ್ಕೆ ಸಾಕ್ಷಿಯೊಂದು ಹತ್ತಿರದಲ್ಲಿಯೇ ಇದೆಯೆಂದು ಮಕ್ಕಳಿಗೆ ತಿಳಿದಿರಬೇಕು. ಬರಿಯ ಕೇಡಿನ ಕಥೆಯನ್ನೇ ಕೇಳಿ ಬೆಳೆದ ಮಗು ಹೆದರುತ್ತದೆ. ಹೆದರಿದ ಮಗು ಕೈಕಟ್ಟಿ ಕೂರುತ್ತದೆ.

ಕಂಡದ್ದನ್ನೇ ಬರೆಯಲಿ

ಈ ಪ್ರಯೋಗಗಳಿಗೆ ಅಡ್ಡಿಯಾಗುವುದು ಹಣವಲ್ಲ, ವೇಳೆಯೂ ಅಲ್ಲ. ‘ಸರಿಯಾದ ಉತ್ತರ’ದ ಮೇಲಣ ನಮ್ಮ ಮೋಹ. ಒಂದು ಉದಾಹರಣೆ ಕೊಡುತ್ತೇನೆ. ಶಾಲೆಯ ಸೀಸೆಯಲ್ಲಿ ಮಗು ಕಂಡದ್ದು 14 ಮಿಲಿಮೀಟರ್. ವೀಕ್ಷಣಾಲಯದ ಲೆಕ್ಕದಲ್ಲಿ 22 ಎಂದಿದೆ. ಮಗು ರಬ್ಬರು ತೆಗೆದುಕೊಂಡು 14ನ್ನು ಅಳಿಸಿ 22 ಎಂದು ಬರೆಯಲು ಹೊರಡುತ್ತದೆ. ಆ ಗಳಿಗೆಯಲ್ಲಿ ಉಪಾಧ್ಯಾಯರು ಏನು ಮಾಡುತ್ತಾರೆ ಎಂಬುದರ ಮೇಲೆ ಇಡೀ ಪಾಠ ನಿಂತಿದೆ.

‘ಬರೆದುಕೊಳ್ಳಲಿ ಬಿಡಿ, ಪರೀಕ್ಷಕರು ಬಂದಾಗ ಸರಿಯಾಗಿ ಕಾಣುತ್ತದೆ’ ಎಂದರೆ, ಆ ಮಗು ಅಂದು ಕಲಿತದ್ದು ಪರಿಸರವನ್ನಲ್ಲ, ಕಣ್ಣಿಗೆ ಕಂಡದ್ದನ್ನು ಬಿಟ್ಟು ಮೇಲಿನವರು ಹೇಳಿದ್ದನ್ನು ಬರೆಯುವ ಜಾಣತನವನ್ನು. ಕೆರೆಗಳು ಹಾಳಾದದ್ದು ಇಂಥ ಜಾಣತನದಿಂದಲೂ ಅಲ್ಲವೆ? ಕಾಗದದಲ್ಲಿ ಎಲ್ಲವೂ ಸರಿಯಾಗಿದ್ದು, ನೆಲದ ಮೇಲೆ ನೊರೆಯೇಳುತ್ತಿದ್ದ ವರ್ಷಗಳನ್ನು ನಾವು ಕಂಡಿದ್ದೇವೆ.

ಅದರ ಬದಲು, ಉಪಾಧ್ಯಾಯರು ರಬ್ಬರನ್ನು ಮೆಲ್ಲನೆ ಈಸಿಕೊಂಡು, ‘14 ನಿನ್ನದು, 22 ಅವರದು, ಎರಡೂ ಇರಲಿ. ಏಕೆ ಬೇರೆಯಾಯಿತು ಹೇಳು’ ಎಂದು ಕೇಳಬೇಕು. ನಮ್ಮ ಸೀಸೆ ಓರೆಯಾಗಿತ್ತೆ? ಗೋಡೆಯ ಮರೆಯಲ್ಲಿತ್ತೆ? ಅಥವಾ ನಿಜವಾಗಿಯೂ ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ ಸುರಿಯಿತೆ? ಬೆಂಗಳೂರಿನ ಬೇಸಿಗೆಯ ಗುಡುಗುಮಳೆ ಒಂದು ಬೀದಿಯನ್ನು ತೋಯಿಸಿ ಮುಂದಿನ ಬೀದಿಯನ್ನು ಒಣಗಿಸಿಯೇ ಬಿಡುವುದುಂಟು. ಉಪಾಧ್ಯಾಯರಿಗೂ ಉತ್ತರ ತಿಳಿಯದಿದ್ದರೆ, ‘ನನಗೂ ಗೊತ್ತಿಲ್ಲ, ಬಾ ನೋಡೋಣ’ ಎನ್ನಲಿ. ಅವರ ಗೌರವಕ್ಕೆ ಅದರಿಂದ ಕುಂದಿಲ್ಲ. ಆ ಮಾತನ್ನು ಕೇಳಿದ ಮಗು ಉಪಾಧ್ಯಾಯರ ಕೈಹಿಡಿದು ಅಂಗಳಕ್ಕೆ ಎಳೆದೊಯ್ಯುತ್ತದೆ.

ಮುಂದಿನ ಮುಂಗಾರಿಗೆ ವಿಮಾನಪುರದ ಶಾಲೆಯೊಂದರ ಅಂಗಳದಲ್ಲಿ ಒಂದು ಸೀಸೆ ನಿಲ್ಲಲಿ. ತಲೆಯ ಮೇಲೆ ವಿಮಾನ ಹಾರಿದಾಗ ಮಕ್ಕಳೆಲ್ಲ ಎಂದಿನಂತೆ ಕತ್ತೆತ್ತಲಿ. ಸದ್ದು ಅಡಗಿದ ಮೇಲೆ ಅವರಲ್ಲೊಬ್ಬ ಬಗ್ಗಿ, ನೀರಿನ ಮಟ್ಟಕ್ಕೆ ಕಣ್ಣನ್ನು ತಂದು, ಗೆರೆಗಳನ್ನು ಎಣಿಸಿ, ‘ಹದಿನಾಲ್ಕು’ ಎಂದು ಗಟ್ಟಿಯಾಗಿ ಕೂಗಲಿ. ಈ ನಗರಕ್ಕೆ ಬೇಕಾಗಿರುವುದು ಆ ಧ್ವನಿ.